ತಿಥಿಯ ದಿನ ಓಡಿದ ಇಂಜಿನ್

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದಲ್ಲಿ ನಾನು ಸಿದ್ದಾಪುರದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದೆ. ಬೆನ್ನು ಗುಂಡಗಿದ್ದ, ಬಿಳಿ ಬಣ್ಣದ, ಹಳೆಯ ಡೀಸೆಲ್ ಕಾರು. ಬಸ್ ನಿಲ್ದಾಣದ ಹತ್ತಿರದ ಅರಳಿಕಟ್ಟೆಯ ಪಕ್ಕದಲ್ಲಿ ನಮ್ಮ ಕಾರುಗಳ ಸಾಲು ನಿಲ್ಲುತ್ತಿತ್ತು. ಬಿ.ಕಾಂ. ಮಾಡಿದವನು ಸ್ಟೇರಿಂಗ್ ಹಿಡಿದನಲ್ಲ ಎಂದು ನಮ್ಮ ಕಡೆಯವರಿಗೆ ಕೊಂಚ ಬೇಸರವಿತ್ತು. ಮದುವೆ ಮನೆಗಳಲ್ಲಿ ಯಾರಾದರೂ ‘ನೀ ಈಗ ಎಂತ ಮಾಡ್ತೆ?’ ಎಂದು ಕೇಳಿದರೆ ‘ಒಂದು ವೆಹಿಕಲ್ ಇಟ್ಕಂಡಿದ್ದೆ’ ಎನ್ನುತ್ತಿದ್ದೆ. ಡ್ರೈವರ್ ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ.

ನನ್ನ ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. ಅವಳ ಶಾಲೆಗೆ ಹತ್ತಿರವಾಗಲಿ ಎಂದು ಪೇಟೆಯ ಅಂಚಿನಲ್ಲಿ ಬಾಡಿಗೆಗೆ ಮನೆ ಹಿಡಿದಿದ್ದೆವು. ಒಂದೇ ಸೂರಿನ ಕೆಳಗೆ ಎರಡು ಮನೆ. ಆಚೆಯ ಭಾಗದಲ್ಲಿ ಮನೆಯ ಯಜಮಾನಿ ಒಬ್ಬರೇ ಇರುತ್ತಿದ್ದರು. ಗಂಡ ತೀರಿಕೊಂಡು ಕೆಲವು ವರ್ಷ ಆಗಿತ್ತು, ಮಕ್ಕಳಿರಲಿಲ್ಲ. ನಮಗೆ ರಕ್ತಸಂಬಂಧವಲ್ಲ, ಆದರೂ ಮೊದಲ ವಾರದಲ್ಲೇ ನಾವು ಅವರನ್ನು ದೊಡ್ಡಾಯಿ ಎಂದು ಕರೆಯತೊಡಗಿದ್ದೆವು. ನನ್ನನ್ನು ಅವರು ‘ತಮಾ’ ಎನ್ನುತ್ತಿದ್ದರು. ಹಿತ್ತಲು, ಬಾವಿ, ಬಟ್ಟೆ ಒಣಗಿಸುವ ತಂತಿ ಎಲ್ಲವೂ ಎರಡೂ ಮನೆಗೆ ಸೇರಿದ್ದವು.

ಕಾರು ಕೈಕೊಟ್ಟದ್ದು ಒಂದು ಚಳಿಗಾಲದ ಬೆಳಿಗ್ಗೆ, ಶಿರಸಿ ದಾಟಿ ಯಲ್ಲಾಪುರದ ದಾರಿಯಲ್ಲಿ. ಗಂಡ, ಹೆಂಡತಿ, ಸಣ್ಣ ಮಗು, ಮಗುವಿನ ಅಜ್ಜ ಕಾರಿನಲ್ಲಿದ್ದರು. ಮಗುವಿನ ಹರಕೆಗೆಂದು ಚಂದಗುಳಿಯ ಗಣಪತಿಗೆ ಒಪ್ಪಿಸಲು ಹಿತ್ತಾಳೆಯ ಗಂಟೆ ತಂದಿದ್ದರು. ಕಾಡಿನ ಏರೊಂದರಲ್ಲಿ ಇಂಜಿನ್ ಬಿಳಿ ಹೊಗೆ ಉಗುಳಿ, ಒಳಗೆ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಸದ್ದು ಮಾಡಿ ನಿಂತಿತು. ಬಾನೆಟ್ ಎತ್ತಿ ನಾನು ಏನೇನೋ ಮುಟ್ಟಿದೆ. ಅಜ್ಜ ಗಡಿಯಾರ ನೋಡುತ್ತಿದ್ದರು. ಕೊನೆಗೆ ಅವರೇ, ‘ಮುಂದೆ ತಿರುವಿನಲ್ಲಿ ಬಸ್ ನಿಲ್ತದಂತೆ, ನಾವು ನಡೀತೇವೆ’ ಎಂದು ಹೊರಟರು. ಗಂಟೆ ಮಗುವಿನ ತಂದೆಯ ಕೈಯಲ್ಲಿತ್ತು. ಅದರ ನಾಲಗೆಗೆ ಬಟ್ಟೆ ಸುತ್ತುವುದನ್ನು ಯಾರೂ ನೆನಪಿಡಲಿಲ್ಲ. ಅವರು ಹೆಜ್ಜೆ ಇಟ್ಟ ಹಾಗೆಲ್ಲ ಅದು ಬಡಿಯುತ್ತಿತ್ತು. ಅವರು ತಿರುವಿನಲ್ಲಿ ಮರೆಯಾದ ಮೇಲೂ ಬಹಳ ಹೊತ್ತು ಆ ಸದ್ದು ಕೇಳಿಸಿತು. ನಾನು ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೇ ನಿಂತಿದ್ದೆ.

ಇಂಜಿನ್ ಪೂರ್ತಿ ಬಿಚ್ಚಬೇಕಾಯಿತು. ಹುಬ್ಬಳ್ಳಿಗೆ ಒಯ್ದು, ಸವೆದ ಸಿಲಿಂಡರುಗಳಿಗೆ ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ತಂದೆ. ಜೋಡಿಸುವ ಕೆಲಸಕ್ಕೆ ಊರಿನ ಗ್ಯಾರೇಜಿನವನ ಜೊತೆ ನಾನೂ ಕೂತೆ. ಕಾರಿಗೆ ಇಳಿಸಿ ಸ್ಟಾರ್ಟ್ ಮಾಡಿದರೆ ಹಿಂದಿನಿಂದ ಆಯಿಲ್ ಸೋರಿತು. ಚೈನ್ ಕಪ್ಪಿ ಕಟ್ಟಿ ಮತ್ತೆ ಮೇಲೆತ್ತಿ, ಸರಿಮಾಡಿ, ಮತ್ತೆ ಇಳಿಸಿದೆವು. ಈ ಸಲ ಸೋರಲಿಲ್ಲ, ಆದರೆ ಕೆಳಗಿನಿಂದ ಏನೋ ಬಡಿಯತೊಡಗಿತು. ಮತ್ತೆ ಕಪ್ಪಿ. ಗ್ಯಾರೇಜಿನವನು ಕೈ ಒರೆಸಿಕೊಳ್ಳುತ್ತ, ‘ಇನ್ನೊಂದ್ಸಲ ಇಳ್ಸದಾದ್ರೆ ನೀವೇ ಹೆಗಲ ಮೇಲೆ ಹೊತ್ಕೊಂಡು ಹೋಗಿ ಮಾರಾಯ್ರೆ’ ಎಂದ. ಅವನ ಗ್ಯಾರೇಜಿನಲ್ಲಿ ಬೇರೆ ಗಾಡಿಗಳು ಕಾದಿದ್ದವು.

ಆಗ ನನಗೆ ಸ್ಟ್ಯಾಂಡಿನ ಯೋಚನೆ ಬಂತು. ಹುಬ್ಬಳ್ಳಿಯ ದೊಡ್ಡ ಗ್ಯಾರೇಜೊಂದರಲ್ಲಿ ನೋಡಿದ್ದೆ: ಕಬ್ಬಿಣದ ಚೌಕಟ್ಟಿನ ಮೇಲೆ ಬರೀ ಇಂಜಿನ್ನನ್ನು ಕೂರಿಸಿ, ಮುಂದೆ ರೇಡಿಯೇಟರ್ ನಿಲ್ಲಿಸಿ, ಬ್ಯಾಟರಿ ಕೊಟ್ಟು ಓಡಿಸುತ್ತಿದ್ದರು. ಎಲ್ಲಿ ಸೋರುತ್ತದೆ, ಎಲ್ಲಿ ಬಡಿಯುತ್ತದೆ ಎಂದು ಸುತ್ತ ತಿರುಗಿ ನೋಡಬಹುದು. ಸರಿಯಿದೆ ಎಂದು ಖಾತ್ರಿಯಾದ ಮೇಲೆ ಒಂದೇ ಸಲ ಕಾರಿಗೆ ಇಳಿಸಿದರೆ ಆಯಿತು. ಅದನ್ನು ನಾನೇ ಮಾಡಿದರೇನು?

ಗುಜರಿಯಲ್ಲಿ ಹಳೇ ಬಸ್ಸಿನ ಚಾಸಿಯ ತುಂಡುಗಳು ಸಿಕ್ಕವು. ವೆಲ್ಡಿಂಗ್ ಅಂಗಡಿಯಲ್ಲಿ ನಿಂತು ಬೇಕಾದ ಅಳತೆಗೆ ಕತ್ತರಿಸಿ ಬೆಸೆಸಿಕೊಂಡೆ. ಇಂಜಿನ್ ಕೂರುವ ಜಾಗಕ್ಕೆ ಲಾರಿ ಟಯರಿನಿಂದ ಕೊಯ್ದ ರಬ್ಬರ್ ಮೆತ್ತೆ ಹಾಕಿದೆ. ಡೀಸೆಲ್ಲಿಗೆ ಎಣ್ಣೆಯ ಡಬ್ಬಿಯೊಂದಕ್ಕೆ ನಲ್ಲಿ ಕೂರಿಸಿ, ಹಿತ್ತಲ ಪೇರಲ ಗಿಡದ ಕೊಂಬೆಗೆ ತೂಗುಹಾಕಿದೆ. ಸೈಲೆನ್ಸರ್ ಇರಲಿಲ್ಲ, ಹೊಗೆ ಹೋಗಲು ಒಂದು ಮೊಳದ ಪೈಪು ಮಾತ್ರ. ಚೌಕಟ್ಟು ಅಲುಗದಿರಲಿ ಎಂದು ಅದರ ಅಡ್ಡಪಟ್ಟಿಯ ಮೇಲೆ ಭಾರ ಬೇಕಿತ್ತು. ದೊಡ್ಡಾಯಿ ತಮ್ಮ ಹಳೇ ಒರಳು ಕಲ್ಲನ್ನು ತೋರಿಸಿ, ‘ಮಿಕ್ಸಿ ಬಂದ ಮೇಲೆ ಅದು ಸುಮ್ಮಂಗೆ ಬಿದ್ಕಂಡಿದ್ದು, ತಗ’ ಎಂದರು.

ಆ ದಿನಗಳಲ್ಲಿ ನನ್ನ ಕೆಲಸಕ್ಕೆ ಅವರಷ್ಟು ಉಮೇದು ನನ್ನ ಹೆಂಡತಿಗೂ ಇರಲಿಲ್ಲ. ಹನ್ನೊಂದರ ಚಹಾವನ್ನು ಹಿತ್ತಲಿಗೇ ತಂದುಕೊಡುತ್ತಿದ್ದರು. ಹೂವು ಕೇಳಲು ಬಂದ ಹೆಂಗಸರನ್ನು ಕರೆದು ತಂದು, ‘ನಮ್ಮ ಮಾಣಿ ತಾನೇ ಮಾಡಿದ್ದು. ಕಾರಿಲ್ದೇಯ ಇಂಜಿನ್ ಓಡ್ತಡ!’ ಎಂದು ತೋರಿಸುತ್ತಿದ್ದರು. ನಾನು ಸ್ಪ್ಯಾನರ್ ಹಿಡಿದು, ಕೇಳಿಸದವನಂತೆ ನಟಿಸುತ್ತ, ಒಳಗೊಳಗೇ ಹಿಗ್ಗುತ್ತಿದ್ದೆ. ಅರಳಿಕಟ್ಟೆಯಲ್ಲಂತೂ ಬೇರೆ ಮಾತೇ ಆಡುತ್ತಿರಲಿಲ್ಲ. ಹಾವೇರಿ ಕಡೆಯಿಂದ ಬಂದು ನಮ್ಮಲ್ಲಿ ಕಾರು ಓಡಿಸುತ್ತಿದ್ದ ಗೆಳೆಯನೊಬ್ಬನಿದ್ದ. ‘ಚಾಲೂ ಮಾಡೋ ದಿನಾ ನಮ್ಮನ್ನೂ ಕರೀರಿ, ನೋಡೂಣು’ ಎಂದ. ಬರುವ ಭಾನುವಾರ ಎಲ್ಲರೂ ಬನ್ನಿ ಎಂದುಬಿಟ್ಟೆ.

ಮನೆಗೆ ಬಂದು ಹೇಳಿದರೆ ಹೆಂಡತಿ ದೋಸೆ ತಿರುವುತ್ತಿದ್ದವಳು ಸಟ್ಟುಗ ಎತ್ತಿ ಹಿಡಿದಳು.

‘ಭಾನುವಾರವಾ? ಅವತ್ತು ದೊಡ್ಡಾಯಿ ಮನೆಲಿ ತಿಥಿ ಅಲ್ದಾ? ಯಲ್ಲಾಪುರದಿಂದ ಅವರ ಮೈದುನನ ಮಗ ಬತ್ತ. ಭಟ್ರೂ ಬತ್ತ.’

ದೊಡ್ಡಾಯಿಯ ಗಂಡನ ಶ್ರಾದ್ಧವನ್ನು ಪ್ರತಿ ವರ್ಷ ಆ ಮೈದುನನ ಮಗನೇ ಬಂದು ಮಾಡುತ್ತಿದ್ದ. ನಾನು ಕೂಡಲೇ ಆಚೆ ಹೋಗಿ, ಮುಂದಕ್ಕೆ ಹಾಕುತ್ತೇನೆ ಎಂದೆ. ದೊಡ್ಡಾಯಿ ಕೇಳಲಿಲ್ಲ.

‘ಅವರನ್ನೆಲ್ಲ ಬನ್ನಿ ಹೇಳಿ ಕರದ್ದೆ ಅಲ್ದಾ? ಮತ್ತೆ ಬ್ಯಾಡ ಹೇಳದು ಚೊಲೋ ಅಲ್ಲ. ಊಟ ಆದ ಮೇಲೆ ಶುರು ಮಾಡು. ನಂಗೂ ನೋಡಲಾಗ್ತು.’

ಹಾಗೆಂದು ಮಾತಾಯಿತು. ಶನಿವಾರ ಸಂಜೆ ಇಂಜಿನ್ನಿಗೆ ಆಯಿಲ್ ತುಂಬಿದೆ, ರೇಡಿಯೇಟರಿಗೆ ನೀರು ಹಾಕಿದೆ, ಡೀಸೆಲ್ ಪೈಪಿನ ಗಾಳಿ ತೆಗೆದು ನಲ್ಲಿ ಬಂದ್ ಮಾಡಿ ಇಟ್ಟೆ. ಹಳೇ ಇಂಜಿನ್ನುಗಳಲ್ಲಿ ಗಾಳಿ ಒಳಗೆ ಹೋಗುವ ಬಾಯಿಗೆ ಒಂದು ಡಬ್ಬಿ ಇರುತ್ತದೆ. ಅದರ ತಳದಲ್ಲೂ ಒಂದಿಷ್ಟು ಆಯಿಲ್ ಹಾಕಬೇಕು; ಗಾಳಿಯ ಧೂಳು ಅದಕ್ಕೆ ಅಂಟಿಕೊಂಡು ಉಳಿಯುತ್ತದೆ. ಅದಕ್ಕೂ ಹಾಕಿದೆ. ಎಷ್ಟು ಹಾಕಬೇಕೆಂಬ ಗೆರೆ ಡಬ್ಬಿಯ ಒಳಗಿರುತ್ತದೆ. ಕತ್ತಲಾಗುತ್ತಿತ್ತು. ಧಾರಾಳವಾಗಿಯೇ ಹಾಕಿದೆ.

ಭಾನುವಾರ ಬೆಳಿಗ್ಗೆ ಭಟ್ಟರು ಮೊದಲ ಬಸ್ಸಿಗೆ ಬಂದರು. ವಯಸ್ಸಾದವರು, ತೆಳ್ಳಗಿನ ಮೈ, ಮೆಲು ಮಾತು. ಬಾವಿಯ ಹತ್ತಿರ ಸ್ನಾನ ಮಾಡಿ, ತಾವು ಉಟ್ಟು ಬಂದಿದ್ದ ಪಂಚೆಯನ್ನು ತಾವೇ ಒಗೆದು ತಂತಿಯ ಮೇಲೆ ಹರವಿ, ಚೀಲದಲ್ಲಿ ತಂದಿದ್ದ ಮಡಿ ಉಟ್ಟುಕೊಂಡು ಒಳಗೆ ಹೋದರು. ಮೈದುನನ ಮಗ ನನ್ನದೇ ಪ್ರಾಯದವನು. ಹಿತ್ತಲಲ್ಲಿ ಸ್ಟ್ಯಾಂಡನ್ನು ನೋಡಿ, ಏನೂ ಕೇಳದೆ, ಅದನ್ನು ಬಳಸಿಕೊಂಡು ಬಾವಿಗೆ ಹೋದ.

ಮಂತ್ರ ನಡೆಯುತ್ತಿರುವಾಗಲೇ ಅರಳಿಕಟ್ಟೆಯವರು ಬಂದುಬಿಟ್ಟರು. ಮಧ್ಯಾಹ್ನ ಅವರಿಗೆ ಮದುವೆಯ ಬಾಡಿಗೆ ಬಂದಿತ್ತಂತೆ. ನಾನು ಬಾಯಿಯ ಮೇಲೆ ಬೆರಳಿಟ್ಟು ಅವರನ್ನು ಹಿತ್ತಲಿಗೆ ಕರೆದೊಯ್ದೆ. ಸುತ್ತ ನಿಂತು ನೋಡಿದರು.

‘ಭಾರೀ ಮಾಡೀರಿ ಬಿಡ್ರಿ!’ ಎಂದ ಹಾವೇರಿಯವನು ಪಿಸುಮಾತಿನಲ್ಲಿ. ‘ಇಷ್ಟು ದೂರ ಬಂದೇವಿ. ಚಾಲೂ ಬ್ಯಾಡ ಬಿಡ್ರಿ. ಬರೇ ಸೆಲ್ಫ್ ಹೊಡದು ತೋರಸ್ರಿ, ತಿರಗತೈತೋ ಇಲ್ಲೋ ನೋಡಿ ಹೋಗ್ತೇವಿ.’

ಸೆಲ್ಫ್ ಹೊಡೆದರೆ ಇಂಜಿನ್ ಒಂದೆರಡು ಸುತ್ತು ತಿರುಗುತ್ತದೆ, ಅಷ್ಟೇ. ಡೀಸೆಲ್ಲಿನ ನಲ್ಲಿ ಮುಚ್ಚಿದೆ, ಹತ್ತಿಕೊಳ್ಳುವ ಪ್ರಶ್ನೆಯೇ ಇಲ್ಲ. ಒಳಗಿನವರಿಗೆ ಅಷ್ಟು ಸದ್ದೂ ಕೇಳಲಿಕ್ಕಿಲ್ಲ. ಹಾಗೆಂದುಕೊಂಡು ನಾನು ವೈರನ್ನು ಬ್ಯಾಟರಿಗೆ ತಾಗಿಸಿದೆ.

ಸರಿಯಾಗಿ ಆ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಮೈದುನನ ಮಗ ಬಾಳೆಲೆಯಲ್ಲಿ ಪಿಂಡ ಹಿಡಿದು ಹೊರಗೆ ಬಂದ. ಹಿಂದೆ ಭಟ್ಟರು, ಅವರ ಹಿಂದೆ ದೊಡ್ಡಾಯಿ. ಅವನು ಎಲೆಯನ್ನು ಹಿತ್ತಲ ಪಾಗಾರದ ಗೋಡೆಯ ಮೇಲಿಟ್ಟು, ನೀರು ಬಿಟ್ಟು, ಹಿಂದೆ ಸರಿದು, ಕಾಗೆಗಳನ್ನು ಕರೆಯಲು ತಲೆ ಎತ್ತಿದ.

ನಲ್ಲಿಯಿಂದ ಇಂಜಿನ್ನಿಗೆ ಹೋಗುವ ಪೈಪಿನಲ್ಲಿ ಉಳಿದಿದ್ದ ಡೀಸೆಲ್ ಸಾಕಾಯಿತು. ಇಂಜಿನ್ ಒಮ್ಮೆ ಕೆಮ್ಮಿ ಹತ್ತಿಕೊಂಡಿತು. ಸೈಲೆನ್ಸರ್ ಇಲ್ಲದ ಇಂಜಿನ್ನಿನ ಸದ್ದು ಹೇಗಿರುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ಪೈಪಿನಲ್ಲಿದ್ದದ್ದು ಖಾಲಿಯಾದರೆ ತಾನಾಗಿ ನಿಲ್ಲುತ್ತದೆ ಎಂದು ಕಾದೆ. ನಿಲ್ಲಲಿಲ್ಲ. ಸದ್ದು ಏರುತ್ತ ಹೋಯಿತು. ನಲ್ಲಿ ಮುಟ್ಟಿ ನೋಡಿದೆ, ಮುಚ್ಚಿಯೇ ಇತ್ತು. ವೈರು ಕಿತ್ತೆ. ಡೀಸೆಲ್ ಇಂಜಿನ್ ಒಮ್ಮೆ ಹತ್ತಿಕೊಂಡ ಮೇಲೆ ಕರೆಂಟಿನ ಹಂಗು ಅದಕ್ಕಿಲ್ಲ. ಡಬ್ಬಿಯಲ್ಲಿ ನಾನು ಧಾರಾಳವಾಗಿ ತುಂಬಿದ್ದ ಆಯಿಲ್ಲನ್ನು ಗಾಳಿಯ ಜೊತೆ ಹೀರಿಕೊಂಡು, ಅದನ್ನೇ ಉರಿಸಿಕೊಂಡು ಓಡುತ್ತಿದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಓಡಲು ಬೇಕಾದ ಎಲ್ಲ ದಾರಿಯನ್ನೂ ಮುಚ್ಚಿಯಾಗಿದೆ, ಆದರೂ ಇದು ಓಡುತ್ತಲೇ ಇದೆ ಎಂಬುದಷ್ಟೇ ಗೊತ್ತಿತ್ತು.

ಸದ್ದು ಕಿರುಚಾಟವಾಯಿತು. ದಟ್ಟ ನೀಲಿ ಹೊಗೆ ಪೈಪಿನಿಂದ ಹೊರಟು ಪಾಗಾರದ ಉದ್ದಕ್ಕೂ ಹರಡಿತು. ಚೌಕಟ್ಟು ಒರಳು ಕಲ್ಲನ್ನು ಹೊತ್ತುಕೊಂಡೇ ಕುಣಿಯುತ್ತ ಮುಂದೆ ಸರಿಯತೊಡಗಿತು.

‘ಸರೀರಿ! ಹಿಂದಕ್ಕ ಸರೀರಿ! ಸಿಡದು ಹೋಗ್ತೈತಿ!’ ಎಂದು ಹಾವೇರಿಯವನು ಕೂಗಿ ಉಳಿದವರನ್ನು ಎಳೆದುಕೊಂಡು ಬಾವಿಯ ಆಚೆಗೆ ಓಡಿದ. ದೊಡ್ಡಾಯಿ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಿಗೆ ಒರಗಿದ್ದರು. ನನ್ನ ಹೆಂಡತಿ ಕಿಟಕಿಯಿಂದ ಏನೋ ಕೂಗುತ್ತಿದ್ದಳು. ಬಾಯಿ ಮಾತ್ರ ಕಾಣುತ್ತಿತ್ತು.

ಗಾಳಿ ಕಟ್ಟಬೇಕು. ಅದೊಂದು ಹೇಗೋ ಹೊಳೆಯಿತು. ಡಬ್ಬಿಯಿಂದ ಬರುವ ರಬ್ಬರ್ ಕೊಳವೆಯನ್ನು ಕಿತ್ತೆಸೆದೆ. ಮುಚ್ಚಲು ಏನಾದರೂ ಬೇಕಿತ್ತು. ಕೈಗೆ ಸಿಕ್ಕಿದ್ದು ತಂತಿಯ ಮೇಲಿನ ಬಟ್ಟೆ. ಮುದ್ದೆ ಮಾಡಿ ಇಂಜಿನ್ನಿನ ಬಾಯಿಗೆ ತುರುಕಿ ಒತ್ತಿ ಹಿಡಿದೆ. ಅದು ನನ್ನ ಕೈಯಿಂದ ಬಟ್ಟೆಯನ್ನು ಎಳೆದುಕೊಂಡಿತು, ನುಂಗಿತು, ಗಂಟಲು ಕಟ್ಟಿದ ಹಾಗೆ ನಡುಗಿತು, ನಿಂತಿತು. ಚೌಕಟ್ಟು ಒಂದು ಬದಿಗೆ ವಾಲಿ ಬಿತ್ತು. ರೇಡಿಯೇಟರಿನ ನೀರು ನೆಲದ ಮೇಲೆ ಹರಿಯಿತು.

ಹೊಗೆ ನಿಧಾನಕ್ಕೆ ತಿಳಿಯಾದಾಗ ಮೊದಲು ಕಂಡದ್ದು ಪಾಗಾರದ ಮೇಲಿನ ಬಾಳೆಲೆ. ಪೈಪಿನಿಂದ ಸಿಡಿದ ಕಪ್ಪು ಆಯಿಲ್ ಹನಿಗಳು ಎಲೆಯ ಮೇಲೂ ಬಿದ್ದಿದ್ದವು, ಬಿಳಿಯ ಪಿಂಡದ ಮೇಲೂ ಬಿದ್ದಿದ್ದವು. ಮೈದುನನ ಮಗ ಅದನ್ನು ನೋಡಿದ, ನನ್ನನ್ನು ನೋಡಿದ. ಬೈದಿದ್ದರೆ ಒಳ್ಳೆಯದಿತ್ತು.

ಭಟ್ಟರು ಮುಂದೆ ಬಂದರು. ಇಂಜಿನ್ನಿನ ಬಾಯಿಂದ ಜೋತುಬಿದ್ದಿದ್ದ ಬಟ್ಟೆಯ ಅಂಚನ್ನು ಬಗ್ಗಿ ನೋಡಿ, ಮೆಲ್ಲಗೆ, ‘ಇದು ನನ್ನ ಪಂಚೆ ಅಲ್ದಾ?’ ಎಂದರು.

ಹೌದು ಎಂದೆನೋ, ತಲೆ ಮಾತ್ರ ಆಡಿಸಿದೆನೋ ನೆನಪಿಲ್ಲ.

‘ಅಡ್ಡಿಲ್ಲೆ. ಯಾರಿಗೂ ಪೆಟ್ಟಾಜಿಲ್ಲೆ ಅಲ್ದಾ?’ ಎಂದು, ಮೈದುನನ ಮಗನ ಕಡೆ ತಿರುಗಿ, ‘ಅನ್ನ ಉಳದ್ದು. ಬೇರೆ ಪಿಂಡ ಕಟ್ಟು. ಹೊಗೆ ಹೋಗ್ಲಿ, ಕಾಯ್ವ’ ಎಂದರು.

ಬೇರೆ ಪಿಂಡ ಕಟ್ಟಿ ಇಟ್ಟರು. ಕಾದರು. ನಮ್ಮ ಹಿತ್ತಲಿಗೆ ಕಾಗೆಗಳ ಬರ ಇರಲಿಲ್ಲ. ದಿನಾ ಮುಸುರೆ ಚೆಲ್ಲುವಾಗ ತಲೆಯ ಮೇಲೇ ಬಂದು ಕೂರುವಷ್ಟು ಸಲಿಗೆ ಅವಕ್ಕೆ. ಅವತ್ತು ಒಂದೂ ಇಲ್ಲ. ದೂರದಲ್ಲಿ, ರಸ್ತೆಯಾಚೆಯ ತೆಂಗಿನ ಮರದಲ್ಲಿ ಕೂಗುವುದು ಕೇಳುತ್ತಿತ್ತು. ಮೈದುನನ ಮಗ ಕರೆದ. ಕರೆಯುತ್ತ ಕರೆಯುತ್ತ ಅವನ ದನಿ ಒಡೆಯಿತು. ಬೆಳಗಿನಿಂದ ದೊಡ್ಡಾಯಿ ಒಂದು ಲೋಟ ನೀರೂ ಕುಡಿದಿರಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತು, ಸೆರಗನ್ನು ತಲೆಗೆ ಎಳೆದುಕೊಂಡು, ಆಕಾಶ ನೋಡುತ್ತಿದ್ದರು. ಅರಳಿಕಟ್ಟೆಯವರು ಯಾವಾಗ ಹೋದರೋ ತಿಳಿಯಲಿಲ್ಲ. ನಾನು ವಾಲಿಬಿದ್ದ ಚೌಕಟ್ಟಿನ ಪಕ್ಕದಲ್ಲಿ ನಿಂತೇ ಇದ್ದೆ. ಒಳಗೆ ಹೋಗಲು ಅವರೆಲ್ಲರನ್ನೂ ದಾಟಿ ಹೋಗಬೇಕಿತ್ತು. ಕೂತರೆ ತಪ್ಪು, ಕೆಲಸಕ್ಕೆ ಕೈ ಹಾಕಿದರೆ ಇನ್ನೂ ತಪ್ಪು. ಆಯಿಲ್ ಮೆತ್ತಿದ ಕೈಗಳನ್ನು ಎಲ್ಲಿಡಬೇಕೆಂದೂ ತಿಳಿಯುತ್ತಿರಲಿಲ್ಲ.

ಹಾಗೆ ಬಹಳ ಹೊತ್ತು ಕಳೆದ ಮೇಲೆ ಭಟ್ಟರು, ‘ಆಕಳಿಗೆ ಕೊಟ್ರೂ ನಡೀತು, ಶಾಸ್ತ್ರದಲ್ಲಿದ್ದು’ ಎಂದರು. ಪಕ್ಕದ ಮನೆಯ ಆಕಳಿಗೆ ಕೊಟ್ಟು ಬಂದರು. ಆಗ ದೊಡ್ಡಾಯಿ ಎದ್ದು ನಿಂತು, ಯಾರ ಮುಖವನ್ನೂ ನೋಡದೆ, ‘ಅವ್ಕೆ ಮೊದ್ಲಿಂದ್ಲೂ ಗಲಾಟೆ ಅಂದ್ರೆ ಆಗ್ತಿತ್ತಿಲ್ಲೆ’ ಎಂದರು.

ನನಗೆ ಚುಚ್ಚಲೆಂದು ಹೇಳಿದ್ದಲ್ಲ. ಗಂಡನ ಸ್ವಭಾವ ನೆನಪಾಗಿ ಬಾಯಿಗೆ ಬಂದ ಮಾತು ಅಷ್ಟೇ. ಆದರೆ ಮನೆಯವರೆಲ್ಲ ಸೇರಿ ಬೈದಿದ್ದರೂ ನಾನು ಅಷ್ಟು ಕುಗ್ಗುತ್ತಿರಲಿಲ್ಲ.

ಭಟ್ಟರು ಊರಿಗೆ ಹೋಗಲು ಬಟ್ಟೆ ಇರಲಿಲ್ಲ. ಮಡಿ ಉಟ್ಟು ಬಸ್ಸು ಹತ್ತುವಂತಿಲ್ಲ. ಪೆಟ್ಟಿಗೆಯಲ್ಲಿದ್ದ ನನ್ನ ಮದುವೆಯ ಜರಿಯಂಚಿನ ಪಂಚೆಯನ್ನು ಹೆಂಡತಿ ತೆಗೆದುಕೊಟ್ಟಳು. ನಾನೇ ಒಯ್ದುಕೊಡಬೇಕೆಂದು ಅವಳ ಹಟ. ಕೈ ತೊಳೆದೆ, ಸೀಮೆಎಣ್ಣೆ ಹಾಕಿ ತಿಕ್ಕಿದೆ. ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಕಾಗದದಲ್ಲಿ ಸುತ್ತಿ ಒಯ್ದೆ. ಭಟ್ಟರು ಬಿಚ್ಚಿ ನೋಡಿ, ‘ಇದು ಭಾರೀ ಹೆಚ್ಚಾತು. ಬಸ್ಸಿನಲ್ಲಿ ಜನ ನನ್ನ ಮದುಮಗ ಹೇಳಿ ತಿಳ್ಕತ್ತ’ ಎಂದು ನಕ್ಕರು. ನನಗೂ ನಗು ಬರಲೆಂದು ಹೇಳಿದ್ದೇ ಇರಬೇಕು. ನನ್ನಿಂದ ಆಗಲಿಲ್ಲ. ಅವರನ್ನು ಮನೆಗೆ ಬಿಟ್ಟುಬರಲು ನನ್ನಲ್ಲಿ ಓಡುವ ಕಾರೂ ಇರಲಿಲ್ಲ.

ಊಟಕ್ಕೆ ಹೋಗಬಾರದೆಂದು ನಿಶ್ಚಯಿಸಿದೆ. ಮನೆಯೊಳಗಿದ್ದರೆ ಕರೆಯಲು ಬರುತ್ತಾರೆಂದು ಅಂಗಳದ ಮೂಲೆಯಲ್ಲಿ ನಿಂತಿದ್ದ ನನ್ನ ಕಾರಿನೊಳಗೆ ಹೋಗಿ ಕೂತೆ. ಇಂಜಿನ್ ಇಲ್ಲದ ಕಾರು ಮುಂದೆ ಹಗುರಾಗಿ ಮೂತಿ ಮೇಲೆತ್ತಿಕೊಂಡಿತ್ತು. ಸ್ಟೇರಿಂಗ್ ಹಿಡಿದು, ಎಲ್ಲಿಗೋ ಹೊರಟವನ ಹಾಗೆ ಎದುರು ನೋಡುತ್ತ ಕೂತಿದ್ದೆ. ಯಾರೋ ಗಾಜು ತಟ್ಟಿದರು. ದೊಡ್ಡಾಯಿ.

‘ಬಾಳೆ ಹಾಕಿ ಆಯ್ದು. ಊಟಕ್ಕೆ ಬಾ.’

‘ನಂಗೆ ಹಸಿವಿಲ್ಲೆ, ದೊಡ್ಡಾಯಿ.’

‘ಹಸಿವಿಲ್ಲೆ ಹೇಳಿ ತಿಥಿ ಊಟ ಬಿಡಲಾಗ್ತಿಲ್ಲೆ. ಏಳು.’ ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮೊದಲಿನ ಅಕ್ಕರೆಯೂ ಇರಲಿಲ್ಲ. ಬಹಳ ದಣಿದಿದ್ದರು. ಅವರನ್ನು ಬಿಸಿಲಿನಲ್ಲಿ ನಿಲ್ಲಿಸಿಕೊಂಡು ಮಾತಾಡುವುದು ಆಗದೆ ಕೆಳಗಿಳಿದೆ.

ಕೇರಿಯಿಂದ ಊಟಕ್ಕೆ ಬಂದವರ ಪಂಕ್ತಿಯಲ್ಲಿ ನನ್ನ ಎದುರಿಗೆ ಮೈದುನನ ಮಗ ಕೂತಿದ್ದ. ವಡೆ ಬಂತು, ಎಳ್ಳುಂಡೆ ಬಂತು, ಪಾಯಸ ಬಂತು. ನಾನು ತಲೆ ಎತ್ತದೆ ಕಲಸುತ್ತಿದ್ದೆ. ಅವನು ಪಕ್ಕದವರಿಗೆ, ಎಲ್ಲರಿಗೂ ಕೇಳುವ ಹಾಗೆ, ‘ಇಂಜಿನ್ನಿಗೂ ಒಂದು ಬಾಳೆ ಹಾಕಕಾಗಿತ್ತು. ಪಂಚೆ ತಿಂದಿದ್ದು, ಹೊಟ್ಟೆ ತುಂಬಿದ್ದಿಲ್ಲೆ ಏನ’ ಎಂದ. ಪಂಕ್ತಿಯೆಲ್ಲ ನಕ್ಕಿತು. ತಡೆದುಕೊಂಡಿದ್ದ ನಗು, ಒಬ್ಬರಿಂದ ಒಬ್ಬರಿಗೆ ಹತ್ತಿ ಬಹಳ ಹೊತ್ತು ನಡೆಯಿತು. ಬಡಿಸುತ್ತಿದ್ದ ನನ್ನ ಹೆಂಡತಿಯ ಕೈ ನನ್ನ ಎಲೆಯ ಮುಂದೆ ಒಂದು ಗಳಿಗೆ ನಿಂತಿತು. ಅವಳ ಕಿವಿ ಕೆಂಪಾದದ್ದನ್ನು ಓರೆಗಣ್ಣಿನಲ್ಲಿ ನೋಡಿದೆ. ಒಬ್ಬನ ಅವಮಾನ ಇಬ್ಬರದಾದದ್ದು ಆಗ. ದೊಡ್ಡಾಯಿ ಮಾತ್ರ ನಗಲಿಲ್ಲ. ‘ಮಜ್ಜಿಗೆ ಹಾಕು’ ಎಂದರು, ಯಾರಿಗೋ.

ಮರುದಿನದಿಂದ ಅರಳಿಕಟ್ಟೆಯಲ್ಲಿ ನನಗೆ ‘ಹೊಗೆ ಮಾಣಿ’ ಎಂಬ ಹೆಸರು ಬಿತ್ತು. ಶಿರಸಿಯ ಡ್ರೈವರುಗಳಿಗೂ ಅದು ತಲುಪಲು ತಡವಾಗಲಿಲ್ಲ. ಒಮ್ಮೆ ಹೆಂಡತಿಯ ಶಾಲೆಯ ಮಕ್ಕಳು ಆಟದ ಬಯಲಿನಲ್ಲಿ ಬಾಯಲ್ಲಿ ಇಂಜಿನ್ನಿನ ಸದ್ದು ಮಾಡುತ್ತ ಒಬ್ಬನ ಬಾಯಿಗೆ ಟವೆಲ್ ತುರುಕಿ ಆಡುತ್ತಿದ್ದರಂತೆ. ಅವಳು ಅದನ್ನು ನನಗೆ ಹೇಳಿದ್ದು ಎಷ್ಟೋ ಕಾಲದ ನಂತರ.

ಡಬ್ಬಿ ಬಿಚ್ಚಿ ನೋಡಿದಾಗ ಕಾರಣ ತಿಳಿಯಿತು. ಗೆರೆಗಿಂತ ಬಹಳ ಮೇಲಿನವರೆಗೆ ಆಯಿಲ್ ತುಂಬಿದ್ದ ಗುರುತು ಡಬ್ಬಿಯ ಒಳಬದಿಗೆ ಮೆತ್ತಿಕೊಂಡಿತ್ತು. ಇಂಜಿನ್ನಿನ ಬಾಯಿಂದ ಪಂಚೆಯ ಚೂರುಗಳನ್ನು ಚಿಮಟದಲ್ಲಿ ಕಿತ್ತು ತೆಗೆದೆ. ಇಂಜಿನ್ನಿನ ಮೇಲಿನ ಹೆಡ್ ಬಿಚ್ಚಿ ನೋಡಿದರೆ ಒಳಗೆ ಏನೂ ಕೆಟ್ಟಿರಲಿಲ್ಲ. ರೇಡಿಯೇಟರಿಗೆ ಬೆಸುಗೆ ಹಾಕಿಸಿದೆ. ವಾಲಿದ್ದ ಚೌಕಟ್ಟಿಗೆ ಇನ್ನೂ ಎರಡು ಕಾಲು ಸೇರಿಸಿ, ನೆಲಕ್ಕೆ ಗೂಟ ಹೊಡೆದು ಬಿಗಿದೆ. ಇವೆಲ್ಲವನ್ನೂ ದೊಡ್ಡಾಯಿ ಒಳಗೆ ಮಲಗಿದ್ದ ಹೊತ್ತು ನೋಡಿ, ಸದ್ದಾಗದ ಹಾಗೆ, ಕಳ್ಳನಂತೆ ಮಾಡುತ್ತಿದ್ದೆ. ಹನ್ನೊಂದರ ಚಹಾ ಹಿತ್ತಲಿಗೆ ಬರುವುದು ನಿಂತಿತ್ತು. ನಾನು ಅದನ್ನು ಕೇಳುವ ಹಾಗಿರಲಿಲ್ಲ.

ಆದರೆ ಮತ್ತೊಮ್ಮೆ ಓಡಿಸದೆ ಕಾರಿಗೆ ಇಳಿಸುವಂತಿರಲಿಲ್ಲ. ಕೊನೆಗೆ ಧೈರ್ಯ ಮಾಡಿ ಕೇಳಿದೆ. ದೊಡ್ಡಾಯಿ ಅಕ್ಕಿ ಆರಿಸುತ್ತಿದ್ದರು.

‘ದೊಡ್ಡಾಯಿ, ಒಂದ್ಸಲ ಓಡ್ಸಿ ನೋಡವು. ನಿಮಗೆ ಬ್ಯಾಡ ಅಂದ್ರೆ ಬೇರೆ ಕಡೆ ಒಯ್ತೆ.’

ಅವರು ಕಲ್ಲೊಂದನ್ನು ಹೆಕ್ಕಿ ಹೊರಗೆಸೆದರು. ‘ಬ್ಯಾಡ ಹೇಳ್ತಿಲ್ಲೆ. ಮುಂದಿನ ವಾರ ಆನು ಯಲ್ಲಾಪುರಕ್ಕೆ ಹೋಗ್ತೆ. ಆನು ಇಲ್ದಾಗ ಮಾಡ್ಕ್ಯ.’

ನಾನು ಅಲ್ಲೇ ನಿಂತಿದ್ದೆ.

‘ನಿನ್ನ ಮೇಲೆ ಸಿಟ್ಟಿಲ್ಲೆ ತಮಾ,’ ಎಂದರು. ‘ಆ ಸದ್ದು ಮತ್ತೆ ಕೇಳಲಾಗ್ತಿಲ್ಲೆ, ಅಷ್ಟೇಯ.’

ಅವರು ಹೋದ ವಾರ ಯಾರನ್ನೂ ಕರೆಯದೆ ಇಂಜಿನ್ ಓಡಿಸಿದೆ. ಸೈಲೆನ್ಸರ್ ಕೂರಿಸಿದ್ದೆ. ಗೆರೆಯನ್ನು ಟಾರ್ಚ್ ಬಿಟ್ಟು ನೋಡಿ ಆಯಿಲ್ ಹಾಕಿದ್ದೆ. ನಲ್ಲಿ ತೆರೆದರೆ ಹತ್ತಿಕೊಂಡಿತು, ಬಂದ್ ಮಾಡಿದರೆ ನಿಂತಿತು. ಒಂದು ಹನಿ ಸೋರಲಿಲ್ಲ, ಬಡಿತವಿಲ್ಲ. ನಾನು ಎಣಿಸಿದ್ದಕ್ಕಿಂತಲೂ ಚೆನ್ನಾಗಿ ಓಡಿತು. ನೋಡಲು ಹೆಂಡತಿ ಒಬ್ಬಳೇ ಇದ್ದಳು. ತುಸು ಹೊತ್ತು ನೋಡಿ, ರಸ್ತೆಯ ಕಡೆ ಒಮ್ಮೆ ತಿರುಗಿ, ‘ಸಾಕು, ನಿಲ್ಸಿ. ಯಾರಾದ್ರೂ ಬಂದ್ರೆ’ ಎಂದಳು. ನಿಲ್ಲಿಸಿದೆ. ಎಷ್ಟು ಆಸೆಪಟ್ಟು ಮಾಡಿದ ಕೆಲಸ! ಮುಗಿದಾಗ ನಮಗಿಬ್ಬರಿಗೂ ಸಂತೋಷವೆನ್ನುವುದು ಹತ್ತಿರ ಸುಳಿಯಲಿಲ್ಲ.

ಆ ಇಂಜಿನ್ ಮುಂದೆ ಎಷ್ಟೋ ವರ್ಷ ಮಾತಾಡದೆ ದುಡಿಯಿತು. ಸ್ಟ್ಯಾಂಡನ್ನು ಹಿತ್ತಲಿನಿಂದ ಎತ್ತಿಸಿ ಗ್ಯಾರೇಜಿನವನಿಗೆ ಕೊಟ್ಟುಬಿಟ್ಟೆ. ಅವನ ಕೆಲಸಕ್ಕೆ ಅದು ಬಹಳ ಒದಗಿತು. ದೂರದ ಹೆಗ್ಗಡೆಕಟ್ಟಾದಿಂದಲೂ ಇಂಜಿನ್ ಹೊತ್ತುಕೊಂಡು ಅವನಲ್ಲಿಗೆ ಬರುತ್ತಿದ್ದರು. ಅವನು ಬಂದವರಿಗೆಲ್ಲ ನನ್ನ ಕಡೆ ಕೈ ತೋರಿಸಿ, ‘ಇದನ್ನು ಮಾಡಿದವ್ರು ಇವ್ರೇ’ ಎನ್ನುತ್ತಿದ್ದ. ಹೊಗಳಿಕೆಗೆಂದೇ ಹೇಳುತ್ತಿದ್ದ. ಕೇಳಿದವರು ನನ್ನ ಮುಖವನ್ನು ಇನ್ನೊಂದು ಸಲ ನೋಡುತ್ತಿದ್ದರು, ಆಮೇಲೆ ತುಟಿಯ ಅಂಚಿನಲ್ಲಿ ನಗುತ್ತಿದ್ದರು. ನಾನು ಆ ಗ್ಯಾರೇಜಿನ ದಾರಿಯಲ್ಲಿ ಹೋಗುವುದನ್ನೇ ಕಡಿಮೆ ಮಾಡಿದೆ.

ಮರುವರ್ಷದ ತಿಥಿಯನ್ನು ದೊಡ್ಡಾಯಿ ಯಲ್ಲಾಪುರದಲ್ಲಿ ಮೈದುನನ ಮಗನ ಮನೆಯಲ್ಲೇ ಇಟ್ಟುಕೊಂಡರು. ‘ಅವಂಗೆ ಪ್ರತಿ ಸಲ ಇಲ್ಲಿವರೆಗೆ ಬಪ್ಪದು ತ್ರಾಸು’ ಎಂದರು. ಅಷ್ಟು ವರ್ಷ ಇಲ್ಲದ ತ್ರಾಸು ಈಗೇಕೆ ಬಂತೆಂದು ನಾನು ಕೇಳಲಿಲ್ಲ. ನನ್ನ ಕಾರಿನಲ್ಲೇ ಕರೆದೊಯ್ಯುತ್ತೇನೆ ಎಂದೆ. ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. ಒಪ್ಪಿದರು.

ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಶಿರಸಿಯಲ್ಲಿ ನಿಲ್ಲಿಸಿ ಹಣ್ಣು ಕೊಂಡೆವು. ಕೆಲವು ಮಾತಾಡಿದರು, ಅಡಿಕೆ ಕೊಯ್ಲಿನದು, ಯಾರದೋ ಬಸಿರಿನದು. ಮೈದುನನ ಮಗನ ಮನೆ ಒಂದು ದಿಬ್ಬದ ಮೇಲಿತ್ತು. ಕಾರು ಅಂಗಳದವರೆಗೂ ಹೋಗುವ ದಾರಿಯಿತ್ತು. ನಾನು ಕೆಳಗೆ, ರಸ್ತೆಯ ಅಂಚಿನಲ್ಲೇ, ಸದ್ದು ಮನೆಗೆ ಕೇಳದಷ್ಟು ದೂರದಲ್ಲಿ ನಿಲ್ಲಿಸಿ ಇಂಜಿನ್ ಬಂದ್ ಮಾಡಿದೆ.

‘ಎಂತಕ್ಕೆ ಇಲ್ಲಿ ನಿಲ್ಸಿದ್ದೆ? ಮೇಲೆ ವರೆಗೂ ದಾರಿ ಇದ್ದಲಾ!’ ಎಂದರು. ಅವರ ಮಂಡಿನೋವು ಆ ವರ್ಷ ಜಾಸ್ತಿಯಾಗಿತ್ತು.

ನಾನು ಇಳಿದು ಅವರ ಬಾಗಿಲು ತೆರೆದೆ. ಬುಟ್ಟಿ, ಚೀಲ ಎರಡನ್ನೂ ಎತ್ತಿಕೊಂಡೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿದರು. ಮತ್ತೇನೂ ಕೇಳದೆ ನನ್ನ ತೋಳು ಹಿಡಿದುಕೊಂಡು ಏರತೊಡಗಿದರು. ನಡುವೆ ಎರಡು ಕಡೆ ಕೂತು ಸುಧಾರಿಸಿಕೊಂಡರು. ಅಂಗಳ ಕಾಣುವಲ್ಲಿಗೆ ಬಂದಾಗ ನಾನು ಚೀಲವನ್ನು ಕೆಳಗಿಟ್ಟು ಹಿಂದಿರುಗಲು ನೋಡಿದೆ. ಅವರು ತೋಳು ಬಿಡಲಿಲ್ಲ.